‘ಎತ್ತರ’ ಅಂದರೆ ಎಲ್ಲಿಂದ ಎತ್ತರ? ಕಿರು ವಿಮಾನ ನಿಲ್ದಾಣದ ಸುತ್ತಲಿನ ಕಟ್ಟಡಗಳ ಮಿತಿ

ಪ್ರಶ್ನೆ: ಕಿರು ವಿಮಾನ ನಿಲ್ದಾಣಗಳ ಅಕ್ಕಪಕ್ಕ ಬಡಾವಣೆ, ವಿದ್ಯುತ್ ಮಾರ್ಗ ಯೋಜಿಸುವವರಿಗೆ ಕನ್ನಡದಲ್ಲಿ ಕೈಪಿಡಿ ಸಿದ್ಧವಾಗುತ್ತಿದೆ. ಎಲಿವೇಷನ್, ಹೈಟ್, ಆಲ್ಟಿಟ್ಯೂಡ್ ಮೂರಕ್ಕೂ ಕರಡಿನಲ್ಲಿ ‘ಎತ್ತರ’ ಎಂದೇ ಇದೆ. ಬೇರೆ ಪದ ಬೇಕೇ? ಕಟ್ಟಡ, ಮರ ಇತ್ಯಾದಿ ದಾಟಬಾರದೆಂದು ಗಾಳಿಯಲ್ಲಿ ಕಲ್ಪಿಸಿಕೊಂಡ ಮಿತಿಗೆ, ಅಂದರೆ ಅಬ್‌ಸ್ಟಕಲ್ ಲಿಮಿಟೇಷನ್ ಸರ್ಫೇಸ್‌ಗೆ, ‘ಅಡೆತಡೆ ಮಿತಿ ಮೇಲ್ಮೈ’ ಒಪ್ಪುತ್ತದೆಯೇ? ಸೇಫ್‌ಗಾರ್ಡಿಂಗ್‌ಗೆ ‘ಭದ್ರತೆ’ ಆದೀತೇ? ಬಲ್ಲವರು ತಿಳಿಸಿ.

ಉತ್ತರ: ಬೇಕೇ ಬೇಕು. ಈ ಒಂದು ಪದದಿಂದಲೇ ಕೊಡಬಾರದ ಅನುಮತಿ ಸಿಕ್ಕಿಬಿಡುತ್ತದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 14ನೇ ಅನುಬಂಧದ ಲೆಕ್ಕ ನೋಡಿ. ಪೈಲಟ್ ಹೊರಗೆ ನೋಡಿಕೊಂಡೇ ಇಳಿಸುವ, ಸಂಕೇತ ಸಂಖ್ಯೆ 1ರ ಚಿಕ್ಕ ರನ್‌ವೇಗೆ ಇಳಿದಾರಿಯ (ವಿಮಾನ ಇಳಿಯಲು ಬರುವ ದಾರಿಯ) ಮಿತಿ ಶುರುವಾಗುವುದು ಹೊಸ್ತಿಲಿನಿಂದ, ಅಂದರೆ ರನ್‌ವೇಯಲ್ಲಿ ಇಳಿಯಲು ಬಳಸುವ ಭಾಗ ಶುರುವಾಗುವ ಗೆರೆಯಿಂದ, 30 ಮೀಟರ್ ಆಚೆ. ಅಲ್ಲಿ 60 ಮೀಟರ್ ಅಗಲ. ಮುಂದೆ ಎರಡೂ ಪಕ್ಕಕ್ಕೆ ನೂರಕ್ಕೆ 10ರಂತೆ ಹಿಗ್ಗುತ್ತ, ನೂರಕ್ಕೆ 5ರಂತೆ ಏರುತ್ತ 1,600 ಮೀಟರ್ ಸಾಗುತ್ತದೆ.

ಹೊಸ್ತಿಲಿನಿಂದ 530 ಮೀಟರ್ ದೂರದಲ್ಲಿ, ರನ್‌ವೇಯ ನಡುಗೆರೆಯ ನೇರಕ್ಕೆ, 22 ಮೀಟರಿನ ವಿದ್ಯುತ್ ಗೋಪುರ ಬರಲಿದೆ ಎನ್ನಿ. ಮೊದಲ 30 ಮೀಟರ್ ಕಳೆದು ಉಳಿದ 500ಕ್ಕೆ ನೂರಕ್ಕೆ 5, ಅಂದರೆ ಮಿತಿ 25 ಮೀಟರ್. ‘ಎತ್ತರ 25, ಗೋಪುರ 22, ಸರಿಹೋಯಿತು’ ಎಂದು ಕಡತ ಮುಂದೆ ಹೋಗುತ್ತದೆ. ಆದರೆ ಆ 25 ಎಣಿಸಬೇಕಾದದ್ದು ಹೊಸ್ತಿಲಿನ ಮಟ್ಟದಿಂದ. ಗೋಪುರದ ಬುಡದ ನೆಲ ಹೊಸ್ತಿಲಿಗಿಂತ 6 ಮೀಟರ್ ಮೇಲಿದ್ದರೆ ಉಳಿಯುವುದು 19 ಮಾತ್ರ. ಗೋಪುರದ ತಲೆ ಇಳಿದಾರಿಯೊಳಕ್ಕೆ 3 ಮೀಟರ್ ಚಾಚಿಕೊಂಡಿರುತ್ತದೆ!

ಸರ್ವೆಯವರ ಬಾಯಲ್ಲಿರುವ ‘ಮಟ್ಟ’ವನ್ನೇ ಎಲಿವೇಷನ್‌ಗೆ ಇಟ್ಟುಕೊಳ್ಳಿ. ಬುಡದಿಂದ ತುದಿಗೆ ಅಳೆದದ್ದು ‘ಎತ್ತರ’, ವಿಮಾನದ್ದು ‘ಹಾರಾಟದ ಎತ್ತರ’. ಇದರ ಜತೆಗೆ ‘ತುದಿಮಟ್ಟ’ ಎಂಬ ಪದವೂ ಬರಲಿ: ನೆಲಮಟ್ಟಕ್ಕೆ ಎತ್ತರ ಕೂಡಿಸಿದರೆ ತುದಿಮಟ್ಟ. ಅರ್ಜಿಯಲ್ಲಿ ನೆಲಮಟ್ಟ, ಎತ್ತರ, ತುದಿಮಟ್ಟ ಮೂರಕ್ಕೂ ಬೇರೆ ಬೇರೆ ಕಲಂ ಇರಬೇಕು. ಮಟ್ಟಗಳೆಲ್ಲ ಸಮುದ್ರಮಟ್ಟದಿಂದಲೇ ಎಣಿಸಿದವಾಗಿರಬೇಕು.

‘ಮೇಲ್ಮೈ’ ಓದಿದವರಿಗೆ ನೆಲ, ಗೋಡೆ ಕಣ್ಣಿಗೆ ಬರುತ್ತವೆ. ಇದೋ ಗಾಳಿಯಲ್ಲಿ ಕಲ್ಪಿಸಿಕೊಂಡದ್ದು. ‘ಸಮತಲ’ವೂ ಆಗದು, ಶಂಕುವಿನಾಕಾರದ್ದೂ ಒಂದಿದೆ. ನನ್ನ ಮತ ‘ತಡೆಮಿತಿ ತಲ’ಕ್ಕೆ.

‘ತಡೆ’ಯ ವಿವರಣೆಯಲ್ಲಿ ‘ಕಟ್ಟಡ’ ಎಂದಷ್ಟೇ ಬರೆದು ನಿಲ್ಲಿಸಬೇಡಿ. ತಾತ್ಕಾಲಿಕವಾದದ್ದೂ ಚಲಿಸುವಂಥದ್ದೂ ತಡೆಯೇ. 18 ಮೀಟರಿನ ಕಟ್ಟಡ ಮಿತಿಯೊಳಗಿದ್ದರೂ ಅದನ್ನು ಕಟ್ಟುವ ಕ್ರೇನಿನ ತೋಳು ಮಿತಿ ದಾಟೀತು. ಕ್ರೇನಿಗೆ ಬೇರೆಯೇ ಅನುಮತಿ ಬೇಕು. ಮರವಾದರೆ ಸಸಿಯ ಎತ್ತರವಲ್ಲ, ಪೂರ್ತಿ ಬೆಳೆದಾಗಿನ ಎತ್ತರ ಬರೆಸಿ.

ಸೇಫ್‌ಗಾರ್ಡಿಂಗ್‌ಗೆ, ಅಂದರೆ ಸುತ್ತಲಿನ ಕಟ್ಟಡ, ಬಳಕೆಗಳಿಂದ ಹಾರಾಟಕ್ಕೆ ತೊಂದರೆಯಾಗದಂತೆ ನೋಡಿಕೊಳ್ಳುವುದಕ್ಕೆ, ‘ಭದ್ರತೆ’ ಬೇಡ, ಕಾವಲಿನವರ ಕೆಲಸ ಎನಿಸುತ್ತದೆ. ‘ಸಂರಕ್ಷಣೆ’ ಸಾಕು. ಹಕ್ಕಿಗಳನ್ನು ಸೆಳೆಯುವ ಹೊಂಡ, ಕಣ್ಣು ಕುಕ್ಕುವ ಸೌರಫಲಕ, ರನ್‌ವೇ ಪಕ್ಕದ ಉದ್ದನೆಯ ಕಟ್ಟಡ ದಾಟಿ ಸುಳಿಯಾಗುವ ಗಾಳಿ, ಎಲ್ಲವೂ ಅದರಲ್ಲಿ ಅಡಕವಾಗುತ್ತವೆ. ಎತ್ತರದ ಮಿತಿಯೊಳಗಿದ್ದೂ ತೊಂದರೆ ಕೊಡುವ ಇಂಥವಕ್ಕೆ ಕೈಪಿಡಿಯಲ್ಲಿ ಪ್ರತ್ಯೇಕ ಅಧ್ಯಾಯವೇ ಇರಲಿ.