ಎಂಬತ್ತರ ಹತ್ತಿರದ ಅಪ್ಪನಿಗೆ ಹರ್ನಿಯಾ ಆಪರೇಷನ್: ಮಾಡಿಸಿದವರು ಸ್ವಲ್ಪ ಹೇಳ್ತೀರಾ?

ಪ್ರಶ್ನೆ, ಬಸವೇಶ್ವರನಗರದಿಂದ:
ಅಪ್ಪನಿಗೆ 79. ಶುಗರ್, ಬಿಪಿ ಎರಡೂ ಇವೆ, ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಬಲಗಡೆ ತೊಡೆಸಂದಿನಲ್ಲಿ ಹರ್ನಿಯಾ. ಕೆಮ್ಮಿದರೆ ಉಬ್ಬುತ್ತದೆ, ಈಚೆಗೆ ನೋವೂ ಶುರುವಾಗಿದೆ. ಸರ್ಜನ್ ಮಾಡಿಸಿಬಿಡಿ ಅಂತಾರೆ. ದೊಡ್ಡಪ್ಪ ಮಾತ್ರ "ಈ ವಯಸ್ಸಲ್ಲಿ ಮೈಗೆ ಕತ್ತರಿ ಬೇಡ" ಅಂತ ಪಟ್ಟು ಹಿಡಿದಿದ್ದಾರೆ. ಯಾರ ಮಾತು ಕೇಳೋಣ?

ಜಯನಗರದಿಂದ:
ಬರೀ ವಯಸ್ಸು ನೋಡಬೇಡಿ, ಅಪ್ಪ ಈಗ ಹೇಗಿದ್ದಾರೆ ನೋಡಿ. ಹಾಲು ತರಲು ತಾವೇ ಹೋಗಿಬರುತ್ತಾರಾ? ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತಾ? ತೂಕ ಇಳಿದಿದೆಯಾ, ಎಲ್ಲಾದರೂ ಬಿದ್ದಿದ್ದಾರಾ, ಮರೆವು ಇದೆಯಾ? ನಮ್ಮಮ್ಮನ ಪಿತ್ತಕೋಶದ ಆಪರೇಷನ್‌ಗೆ ಮುಂಚೆ ಅನಸ್ತೇಷಿಯಾ ಡಾಕ್ಟರ್ ಮೊದಲು ಕೇಳಿದ್ದು ಇದನ್ನೇ. ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ನೋಡಿದ್ದು ಆಮೇಲೆ. ಸರ್ಜನ್ ಹತ್ತಿರ ಎಲ್ಲರೂ ಮಾತಾಡುತ್ತಾರೆ, ಅನಸ್ತೇಷಿಯಾದವರನ್ನು ಯಾರೂ ಹುಡುಕಿಕೊಂಡು ಹೋಗಲ್ಲ. ನೀವು ಹೋಗಿ. ಅಡ್ಮಿಟ್ ಆದ ಸಂಜೆ ಅವಸರದಲ್ಲಿ ಅಲ್ಲ, ಒಂದು ವಾರ ಮೊದಲೇ.

ಆಪರೇಷನ್ ಏನೋ ಸಲೀಸಾಗಿ ಮುಗಿಯಿತು. ಗಾಬರಿಯಾಗಿದ್ದು ಅದರ ಮಾರನೇ ರಾತ್ರಿ. ಅಮ್ಮ ಎದ್ದು ಕೂತು "ಕರು ಬಿಚ್ಚಿಕೊಂಡಿದೆ, ಹಗ್ಗ ಕೊಡು" ಅಂತ ಡ್ರಿಪ್ಪಿನ ಪೈಪು ಎಳೆಯತೊಡಗಿದಳು. ಊರಿನ ಕೊಟ್ಟಿಗೆ ಬಿಟ್ಟು ಎಷ್ಟೋ ವರ್ಷ ಆಗಿದೆ. ನನ್ನ ಗುರುತೇ ಹತ್ತಲಿಲ್ಲ. ಇದಕ್ಕೆ ಡಿಲಿರಿಯಂ ಅಂತಾರೆ. ವಯಸ್ಸಾದವರಲ್ಲಿ ಆಪರೇಷನ್ ಆದಮೇಲೆ ಇದು ಅಪರೂಪವೇನಲ್ಲ, ಹೆಚ್ಚಿನವರಿಗೆ ಕೆಲವು ದಿನದಲ್ಲಿ ಇಳಿಯುತ್ತದೆ. ಹಾಗಂತ "ವಯಸ್ಸಾಯ್ತಲ್ಲ" ಅಂತ ಸುಮ್ಮನಿರಬಾರದು. ನೋವಿದೆಯಾ, ಮೂತ್ರ ಕಟ್ಟಿದೆಯಾ, ಸೋಂಕಾ, ಸೋಡಿಯಂ ಇಳಿದಿದೆಯಾ ಅಂತ ಡ್ಯೂಟಿ ಡಾಕ್ಟರ್ ನೋಡಲೇಬೇಕು. ನಿದ್ದೆ ಮಾತ್ರೆ ನೀವಾಗಿ ಕೇಳಬೇಡಿ, ಕೆಲವು ಬಗೆಯವು ಇದನ್ನು ಇನ್ನೂ ಕೆಡಿಸುತ್ತವೆ.

ಕಳೆದುಹೋಗುತ್ತವೆ ಅಂತ ಕನ್ನಡಕ, ಕಿವಿ ಮಷಿನ್ ಮನೆಯಲ್ಲಿಟ್ಟು ಹೋಗಬೇಡಿ. ಅವೆರಡನ್ನೂ ಹಾಕಿ, ಹಗಲು ಕಿಟಕಿ ಪರದೆ ಸರಿಸಿ, ನಮ್ಮಕ್ಕ ಪಕ್ಕದಲ್ಲೇ ಕೂತು ಮಾತಾಡಿಸುತ್ತಾ ಇದ್ದಮೇಲೆ ಅಮ್ಮ ಒಂದು ಹದಕ್ಕೆ ಬಂದಳು. ರಾತ್ರಿ ಕಾಯೋಕೆ ಅವರಿಗೆ ಚೆನ್ನಾಗಿ ಗೊತ್ತಿರುವವರೇ ಇರಲಿ. ದಿನಕ್ಕೊಬ್ಬ ನೆಂಟರು ಬೇಡ.

ಮಲ್ಲೇಶ್ವರದಿಂದ, ನಿವೃತ್ತ ನರ್ಸ್:
ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಿದವಳು ನಾನು. ಸ್ಟೆಂಟ್ ಇದೆ ಅಂದಿರಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್, ಆಸ್ಪಿರಿನ್ ನೀವಾಗಿ ನಿಲ್ಲಿಸಬೇಡಿ. ಯಾವುದನ್ನು ಯಾವತ್ತಿನಿಂದ ನಿಲ್ಲಿಸಬೇಕು, ಮತ್ತೆ ಯಾವಾಗ ಶುರು ಅಂತ ಹಾರ್ಟ್ ಡಾಕ್ಟರ್ ಕೈಯಲ್ಲಿ ಬರೆಸಿಕೊಳ್ಳಿ. ಶುಗರ್‌ಗೆ ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ತಗೊಳ್ತಿದ್ದರೆ ಮೊದಲೇ ಹೇಳಿ. ಅವನ್ನು ಸಾಮಾನ್ಯವಾಗಿ 3 ದಿನ ಮುಂಚೆ ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಶುಗರ್ ಅಷ್ಟೇನೂ ಏರದಿದ್ದರೂ ರಕ್ತದಲ್ಲಿ ಆಮ್ಲ ಏರುವ ಅಪಾಯ ಇದೆ. ಮಾತ್ರೆಗಳ ಹೆಸರು ಬಾಯಲ್ಲಿ ಹೇಳೋ ಬದಲು ಸ್ಟ್ರಿಪ್‌ಗಳನ್ನೇ ಕವರಿನಲ್ಲಿ ಹಾಕಿಕೊಂಡು ಹೋಗಿ.

ಅಪ್ಪ ಎಚ್ಚರವಿರುವಾಗಲೇ ಬಲಗಡೆ ಮಾರ್ಕರಿನಲ್ಲಿ ಗುರುತು ಹಾಕಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಚೆಕ್‌ಲಿಸ್ಟ್ ಪ್ರಕಾರ, ಬ್ಲೇಡ್ ತಾಗುವ ಮುನ್ನ ಎಲ್ಲರೂ ಒಂದು ನಿಮಿಷ ನಿಂತು ರೋಗಿಯ ಹೆಸರು, ಯಾವ ಆಪರೇಷನ್, ಯಾವ ಜಾಗ ಅಂತ ಬಾಯಿಬಿಟ್ಟು ಹೇಳಬೇಕು. "ನಿಮ್ಮಲ್ಲಿ ಮಾಡ್ತೀರಾ?" ಅಂತ ಕೇಳಿ. ಅದಕ್ಕೆ ಮುಖ ಸಿಂಡರಿಸಿದರೆ ನಾನಂತೂ ಬೇರೆ ಆಸ್ಪತ್ರೆ ನೋಡ್ತೀನಿ.

ಕೆಂಗೇರಿಯಿಂದ:
ದಯವಿಟ್ಟು ಇದನ್ನು ದೊಡ್ಡಪ್ಪನವರಿಗೆ ಓದಿ ಹೇಳಿ. ನಮ್ಮ ಮಾವನವರೂ ಹೀಗೇ ಮುಂದೂಡಿದರು. ಮೊದಲು ಆಷಾಢ ಅಂದರು, ಆಮೇಲೆ ಮೊಮ್ಮಗಳ ಮದುವೆ ಮುಗೀಲಿ ಅಂದರು. ಒಂದು ರಾತ್ರಿ ಗಂಟು ಒಳಗೆ ಹೋಗಲೇ ಇಲ್ಲ. ವಾಂತಿ, ಹೊಟ್ಟೆ ಕಲ್ಲಿನ ಹಾಗೆ ಗಟ್ಟಿ. ಕರುಳು ಸಿಕ್ಕಿಕೊಂಡಿತ್ತು. ಯಾವ ತಯಾರಿಯೂ ಇಲ್ಲದೆ ರಾತ್ರೋರಾತ್ರಿ ಆಪರೇಷನ್, ಆಮೇಲೆ ಐಸಿಯು. ಬದುಕಿದರು, ಆದರೆ ಕೋಲಿಲ್ಲದೆ ಮತ್ತೆ ನಡೆಯಲಿಲ್ಲ. ವಯಸ್ಸಾದವರಿಗೆ ತುರ್ತು ಆಪರೇಷನ್‌ನ ಅಪಾಯ ಪ್ಲಾನ್ ಮಾಡಿ ಮಾಡಿಸೋದಕ್ಕಿಂತ ಎಷ್ಟೋ ಜಾಸ್ತಿ. ನೋವೇ ಇಲ್ಲದ ಸಣ್ಣ ಹರ್ನಿಯಾ ಆಗಿದ್ದರೆ ಡಾಕ್ಟರ್ ಹೇಳಿದ ಹಾಗೆ ಕಾದು ನೋಡಬಹುದಿತ್ತು. ನಿಮ್ಮಪ್ಪನಿಗೆ ನೋವಿದೆಯಲ್ಲ.

ವಿಜಯನಗರದಿಂದ:
ಯಾರೂ ಹೇಳದ ಒಂದು ವಿಷಯ. ಹರ್ನಿಯಾಕ್ಕೆ ಪೂರ್ತಿ ಮೈಮರೆಸಲೇಬೇಕು ಅಂತಿಲ್ಲ. ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿ ಮಾಡುವ ಲ್ಯಾಪ್ರೋಸ್ಕೋಪಿಗಾದರೆ ಸಾಮಾನ್ಯವಾಗಿ ಬೇಕು. ಕುಯ್ದು ಮೆಶ್ (ಬಲೆಯಂಥ ತೇಪೆ) ಹಾಕುವುದಾದರೆ ಬೆನ್ನಿಗೆ ಸೂಜಿ ಕೊಟ್ಟು, ಎಷ್ಟೋ ಸಲ ಆ ಜಾಗವನ್ನಷ್ಟೇ ಮರಗಟ್ಟಿಸಿಯೂ ಮಾಡುತ್ತಾರೆ. ಹೃದಯದ ತೊಂದರೆ ಇರುವವರಿಗೆ ಯಾವುದು ವಾಸಿ ಅಂತ ಕೇಳಿ. "ದೊಡ್ಡ ಗಾಯ, ಹಳೇ ಪದ್ಧತಿ" ಅಂತ ಮೂಗು ಮುರೀಬೇಡಿ.

ಪ್ರಾಸ್ಟೇಟ್ ತೊಂದರೆ ಇದ್ದರೆ ಅದನ್ನೂ ಹೇಳಿಬಿಡಿ. ನಮ್ಮ ತಂದೆಗೆ ಬೆನ್ನಿನ ಸೂಜಿ ಆದಮೇಲೆ ಮೂತ್ರ ಕಟ್ಟಿ ಟ್ಯೂಬ್ ಹಾಕಬೇಕಾಯಿತು. ಮೂರು ಚೆಂಡಿನ ಉಸಿರಾಟದ ಡಬ್ಬ ಇರುತ್ತಲ್ಲ, ಅದನ್ನು ಈಗಲೇ ತಂದು ಅಭ್ಯಾಸ ಮಾಡಿಸಿ. ಅದನ್ನು ಊದೋದಲ್ಲ, ಉಸಿರು ಒಳಗೆ ಎಳೆಯೋದು. ಮನೆ ಲಿಫ್ಟಿಲ್ಲದ ಮಹಡಿಯಲ್ಲಿದ್ದರೆ, ಡಿಸ್ಚಾರ್ಜ್‌ಗೆ ಸೈನ್ ಹಾಕುವ ಮೊದಲು ಫಿಸಿಯೋದವರ ಕೈಲಿ ಒಂದ್ಸಲ ಮೆಟ್ಟಿಲು ಹತ್ತಿಸಿ ನೋಡಿ.