ವೆಬ್ ಪುಟಗಳನ್ನು ಪಠ್ಯವಾಗಿಸಿ ಭಾಷಾ ಮಾದರಿಗೆ ಕೊಡಲು ಯಾವ ಉಪಕರಣ?

ಪ್ರಶ್ನೆ: ಸರ್, ನಮಸ್ಕಾರ. ಒಂದು ತಂತ್ರಾಂಶದ ಕೈಪಿಡಿ ಪೂರ್ತಿಯಾಗಿ ವೆಬ್‌ನಲ್ಲಿದೆ, ನೂರಾರು ಪುಟ. ಅದನ್ನು ಪಠ್ಯವಾಗಿಸಿ ಚಾಟ್‌ಜಿಪಿಟಿಯಂಥ ಭಾಷಾ ಮಾದರಿಗೆ ಕೊಟ್ಟು ಪ್ರಶ್ನೆ ಕೇಳಬೇಕೆಂದಿದ್ದೇನೆ. ಪುಟ ಇಳಿಸುವ ಕರ್ಲ್ ಆಜ್ಞೆಯಿಂದ ತಂದ ಎಚ್‌ಟಿಎಂಎಲ್ (ವೆಬ್ ಪುಟದ ಮೂಲ ರೂಪ) ಅನ್ನು ಹಾಗೆಯೇ ಕೊಟ್ಟರೆ ಟೋಕನ್ (ಮಾದರಿ ಪಠ್ಯವನ್ನು ಒಡೆದು ಎಣಿಸುವ ತುಣುಕು) ಮಿತಿ ಮೀರುತ್ತದೆ. ಲಿಂಕ್ಸ್ (Lynx) ಬ್ರೌಸರಿನಲ್ಲಿ ಪುಟವನ್ನು ಪಠ್ಯವಾಗಿ ಕೊಡುವ ಡಂಪ್ ಆಯ್ಕೆ ಬಳಸಿದರೆ ಮೆನು, ಅಡಿಬರಹ, ಕೊನೆಯಲ್ಲಿ ಕೊಂಡಿಗಳ ಉದ್ದ ಪಟ್ಟಿ, ಎಲ್ಲವೂ ಬರುತ್ತದೆ. ಟರ್ಮಿನಲ್‌ನಲ್ಲೇ (ಆಜ್ಞೆ ಬೆರಳಚ್ಚಿಸುವ ಕಿಟಕಿಯಲ್ಲೇ) ಮುಗಿಸಲು ಯಾವ ಉಪಕರಣ ಒಳ್ಳೆಯದು?

ಉತ್ತರ: ನಮಸ್ಕಾರ. ಮೊದಲು ಆ ಕೈಪಿಡಿಯ ಮೂಲ ಕಡತಗಳು ಎಲ್ಲಾದರೂ ಸಿಗುತ್ತವೆಯೇ ನೋಡಿ. ಮುಕ್ತ ತಂತ್ರಾಂಶಗಳ ಕೈಪಿಡಿಗಳನ್ನು ಬಹುಪಾಲು ಮಾರ್ಕ್‌ಡೌನ್‌ನಂಥ ಸರಳ ಪಠ್ಯದಲ್ಲಿ ಬರೆದು, ಗಿಟ್ ಭಂಡಾರದಲ್ಲಿ (ಕಡತಗಳ ಆವೃತ್ತಿಗಳನ್ನು ಕಾಯುವ ಸಂಗ್ರಹದಲ್ಲಿ) ಇಟ್ಟು, ಅಲ್ಲಿಂದ ಎಚ್‌ಟಿಎಂಎಲ್ ತಯಾರಿಸಿರುತ್ತಾರೆ. ಭಂಡಾರವನ್ನು ಒಮ್ಮೆ ಇಳಿಸಿಕೊಂಡರೆ ಪರಿವರ್ತನೆಯ ಗೋಜೇ ಇಲ್ಲ.

ಅದು ಸಿಗದಿದ್ದರೆ, ಇಲ್ಲಿರುವುದು ಮೂರು ಬೇರೆ ಬೇರೆ ಕೆಲಸ: ಪುಟವನ್ನು ತರುವುದು, ಅದರಿಂದ ಮುಖ್ಯ ಬರಹವನ್ನು ಬಿಡಿಸಿಕೊಳ್ಳುವುದು, ಬಿಡಿಸಿದ್ದನ್ನು ಮಾರ್ಕ್‌ಡೌನ್ ಆಗಿ ಬರೆಯುವುದು. ಕರ್ಲ್ ಮತ್ತು ವಿಗೆಟ್ ತರುವುದಕ್ಕೆ. ಒಂದು ರೂಪದ ಕಡತವನ್ನು ಇನ್ನೊಂದು ರೂಪಕ್ಕೆ ಬದಲಿಸುವ ಪ್ಯಾನ್‌ಡಾಕ್ ಬರೆಯುವುದಕ್ಕೆ. ಲಿಂಕ್ಸ್ ತರುತ್ತದೆ, ಸರಳ ಪಠ್ಯವಾಗಿ ಬರೆಯುತ್ತದೆ, ನಡುವಿನ ಕೆಲಸವನ್ನು ಮಾಡುವುದಿಲ್ಲ. ಮೆನು ಬಂದದ್ದು ಅದಕ್ಕೇ. ಕೊಂಡಿಗಳ ಪಟ್ಟಿಯನ್ನು ‘ನೋಲಿಸ್ಟ್’ ಆಯ್ಕೆಯಿಂದ ನಿಲ್ಲಿಸಬಹುದು, ಮೆನುವನ್ನು ನಿಲ್ಲಿಸಲಾಗದು. ಮೂರನ್ನೂ ಒಟ್ಟಿಗೆ ಮಾಡುವುದು ಟ್ರಾಫಿಲಾತುರಾ ಎಂಬ ಪೈಥಾನ್ ಉಪಕರಣ. ಯಾವುದು ಬರಹ, ಯಾವುದು ಮೆನು ಎಂಬುದನ್ನು ಪುಟದ ರಚನೆಯಿಂದ ಅಂದಾಜು ಮಾಡುತ್ತದೆ. ಸುದ್ದಿ, ಅಂಕಣ, ಬ್ಲಾಗ್ ಎಂದು ನೂರು ತಾಣಗಳಿಂದ ತರುವವರಿಗೆ ನಾನು ಸೂಚಿಸುವುದು ಇದನ್ನೇ.

ನಿಮ್ಮದು ಒಂದೇ ತಾಣ, ಎಲ್ಲ ಪುಟಗಳದೂ ಒಂದೇ ಅಚ್ಚು. ಇಲ್ಲಿ ಅಂದಾಜು ಮಾಡುವ ಉಪಕರಣವನ್ನು ನೆಚ್ಚಬೇಡಿ. ಬ್ರೌಸರಿನಲ್ಲಿ ಒಂದು ಪುಟದ ಮೂಲವನ್ನು ತೆರೆದು ಬರಹವೆಲ್ಲ ಯಾವ ಟ್ಯಾಗ್‌ನೊಳಗಿದೆ (ಪುಟದ ಭಾಗಗಳನ್ನು ಗುರುತಿಸುವ ಚಿಹ್ನೆ) ನೋಡಿ. ಸಾಮಾನ್ಯವಾಗಿ ‘ಮೇನ್’ ಅಥವಾ ‘ಆರ್ಟಿಕಲ್’. ಎಚ್‌ಟಿಎಂಎಲ್‌ಕ್ಯೂ ಅಥವಾ ಪಪ್ ಎಂಬ ಪುಟ್ಟ ಉಪಕರಣಕ್ಕೆ ಆ ಟ್ಯಾಗ್‌ನ ಹೆಸರು ಕೊಟ್ಟರೆ ಅಷ್ಟು ಭಾಗವನ್ನು ಮಾತ್ರ ಕತ್ತರಿಸಿ ಕೊಡುತ್ತದೆ. ಅದನ್ನು ಪೈಪ್ ಮೂಲಕ (ಒಂದು ಆಜ್ಞೆಯ ಫಲವನ್ನು ನೇರವಾಗಿ ಇನ್ನೊಂದಕ್ಕೆ ಕೊಡುವ ದಾರಿ) ಪ್ಯಾನ್‌ಡಾಕ್‌ಗೆ ಹರಿಸಿ. ಮೊದಲ ಪುಟಕ್ಕೆ ಹೇಗೋ ಕೊನೆಯ ಪುಟಕ್ಕೂ ಹಾಗೆಯೇ ನಡೆಯುತ್ತದೆ.

ತಂದ ಎಚ್‌ಟಿಎಂಎಲ್ ಅನ್ನು ಮಾತ್ರ ದಯವಿಟ್ಟು ಅಳಿಸಬೇಡಿ. ನಾಳೆ ಆಯ್ಕೆ ಬದಲಿಸಿದಾಗ ಮತ್ತೆ ಅವರ ಸರ್ವರಿನ ಬಾಗಿಲು ತಟ್ಟಬೇಕಾಗಿಲ್ಲ.

ಮರುಪ್ರಶ್ನೆ: ಹಾಗೆಯೇ ಮಾಡಿದೆ ಸರ್, ಮೆನು ಹೋಯಿತು. ಆದರೆ ಎರಡು ತೊಂದರೆ. ಕೆಲವು ಕಡತಗಳಲ್ಲಿ ‘ಪುಟ ಸಿಗಲಿಲ್ಲ’ ಎಂಬ ಒಂದೇ ಸಾಲಿದೆ, ಕರ್ಲ್ ದೋಷವನ್ನೇನೂ ತೋರಿಸಲಿಲ್ಲ. ಇನ್ನು ಕೆಲವು ಕೋಷ್ಟಕಗಳೇ ಮಾಯವಾಗಿವೆ.

ಉತ್ತರ: ಕರ್ಲ್‌ನ ಲೆಕ್ಕದಲ್ಲಿ ಸರ್ವರ್ ಉತ್ತರ ಕೊಟ್ಟರೆ ಕೆಲಸ ಆಯಿತು, ಆ ಉತ್ತರ 404 (ಪುಟ ಇಲ್ಲ) ಆದರೂ ಅದರ ಪುಟವನ್ನು ಉಳಿಸಿ ಯಶಸ್ಸಿನ ಸಂಕೇತವಾದ ಸೊನ್ನೆಯನ್ನೇ ಹಿಂದಿರುಗಿಸುತ್ತದೆ. ‘ಫೇಲ್’ ಆಯ್ಕೆ ಸೇರಿಸಿ, ಆಗ 400ರಿಂದ ಮೇಲಿನ ಉತ್ತರಗಳಿಗೆ ದೋಷ ಎನ್ನುತ್ತದೆ. ‘ಲೊಕೇಶನ್’ ಆಯ್ಕೆಯನ್ನೂ ಸೇರಿಸಿ, ಇಲ್ಲದಿದ್ದರೆ ವಿಳಾಸ ಬದಲಾದ ಪುಟಗಳನ್ನು ಅದು ಹಿಂಬಾಲಿಸುವುದಿಲ್ಲ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ದೋಷದ ಪುಟವನ್ನು ಕೈಪಿಡಿಯೆಂದೇ ಓದುವ ಮಾದರಿ, ಇಲ್ಲದ ಮಾಹಿತಿಯ ಜಾಗವನ್ನು ತಾನೇ ತುಂಬಿಬಿಡಬಹುದು.

ಕೋಷ್ಟಕಕ್ಕೆ ಬಂದರೆ, ಅದು ಇದ್ದ ಜಾಗವನ್ನು ಹುಡುಕಿ ನೋಡಿ. ಚೌಕ ಆವರಣದೊಳಗೆ ದೊಡ್ಡಕ್ಷರದಲ್ಲಿ ‘ಟೇಬಲ್’ ಎಂಬ ಒಂಟಿ ಪದ ಕುಳಿತಿರಬೇಕು. ಗಿಟ್‌ಹಬ್ ಶೈಲಿಯ ಮಾರ್ಕ್‌ಡೌನ್‌ನಲ್ಲಿ ಕೋಷ್ಟಕದ ಒಂದೊಂದು ಸಾಲೂ ಒಂದೇ ಗೆರೆಯಲ್ಲಿ ಮುಗಿಯಬೇಕು. ಕೋಷ್ಟಕದ ಮನೆಯೊಳಗೆ ಪಟ್ಟಿಯೋ ಎರಡು ಪ್ಯಾರಾಗಳೋ ಇದ್ದರೆ ಪ್ಯಾನ್‌ಡಾಕ್ ಆ ಕೋಷ್ಟಕವನ್ನು ಎಚ್‌ಟಿಎಂಎಲ್ ಆಗಿಯೇ ಉಳಿಸುತ್ತದೆ. ಕಚ್ಚಾ ಎಚ್‌ಟಿಎಂಎಲ್ ಬೇಡವೆಂದು ನೀವು ಹೇಳಿದ್ದರೆ ಈ ಪದವನ್ನಿಟ್ಟು ಮುಂದೆ ಹೋಗುತ್ತದೆ. ಪದ ಹುಡುಕುವ ಗ್ರೆಪ್ ಆಜ್ಞೆಯಿಂದ ಆ ಪದವಿರುವ ಕಡತಗಳನ್ನು ಹೆಕ್ಕಿ, ಅವನ್ನು ಮಾತ್ರ ಕಚ್ಚಾ ಎಚ್‌ಟಿಎಂಎಲ್‌ಗೆ ಅವಕಾಶ ಕೊಟ್ಟು ಮತ್ತೆ ಪರಿವರ್ತಿಸಿ. ಕೆಲವು ಟೋಕನ್ ಹೆಚ್ಚಾದರೂ ಚಿಂತೆಯಿಲ್ಲ. ಕೈಪಿಡಿಯಲ್ಲಿ ಜನ ಹುಡುಕುವ ಸಂಗತಿ ಕೋಷ್ಟಕದಲ್ಲೇ ಇರುತ್ತದೆ.

ಇನ್ನೊಬ್ಬ ಸದಸ್ಯರು: ನಾನು ತರಬೇಕಾದ ಪುಟ ಕರ್ಲ್‌ನಲ್ಲಿ ಖಾಲಿ ಬರುತ್ತದೆ. ಬ್ರೌಸರಿನಲ್ಲಿ ಸರಿಯಾಗಿಯೇ ಇದೆ.

ಉತ್ತರ: ಬರಹವನ್ನು ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಆಮೇಲೆ ತುಂಬುತ್ತಿದೆ. ಕ್ರೋಮ್ ಅನ್ನು ಕಿಟಕಿಯಿಲ್ಲದ ಹೆಡ್‌ಲೆಸ್ ರೂಪದಲ್ಲಿ ‘ಡಂಪ್ ಡಾಮ್’ ಆಯ್ಕೆಯೊಂದಿಗೆ ಓಡಿಸಿದರೆ ತುಂಬಿದ ಮೇಲಿನ ಎಚ್‌ಟಿಎಂಎಲ್ ಸಿಗುತ್ತದೆ. ನಿಧಾನವಾಗಿ ತುಂಬುವ ಪುಟಕ್ಕೆ, ಬ್ರೌಸರನ್ನು ಪ್ರೋಗ್ರಾಮ್‌ನಿಂದ ನಡೆಸುವ ಪ್ಲೇರೈಟ್ ಬೇಕಾಗುತ್ತದೆ. ಅದಕ್ಕೂ ಮೊದಲು ಪುಟದ ಮೂಲದಲ್ಲಿ ಜೇಸನ್ ಎಂಬ ದತ್ತಾಂಶ ರೂಪದಲ್ಲಿ ಇಡೀ ಬರಹ ಅಡಗಿದೆಯೇ ನೋಡಿ. ಇದ್ದರೆ ಅದನ್ನು ಬಿಡಿಸಿಕೊಡುವ ಜೆಕ್ಯೂ ಒಂದೇ ಸಾಕು.

ಮೊದಲ ಸದಸ್ಯರು: ಕನ್ನಡ ಪುಟಗಳಿಗೂ ಇದೇ ಕ್ರಮವೇ ಸರ್?

ಉತ್ತರ: ಕ್ರಮ ಇದೇ, ಎಚ್ಚರಿಕೆ ಹೆಚ್ಚು ಬೇಕು. ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಮಾಡಿದ ಹಳೆಯ ಪುಟಗಳು ಪಠ್ಯವಾದೊಡನೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗುತ್ತವೆ. ಅಕ್ಷರ ಸಂಕೇತ ಪದ್ಧತಿಯನ್ನು ಬದಲಿಸುವ ಐಕಾನ್ವ್‌ನಿಂದ ಅದು ಸರಿಹೋಗದು, ಆಯಾ ಫಾಂಟ್‌ನ ಪರಿವರ್ತಕವೇ ಬೇಕು. ಯೂನಿಕೋಡ್ ಪುಟಗಳಲ್ಲೂ ‘ಕೋ’ ಎಂಬ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಬಿಡಿ ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಗ್ರೆಪ್‌ಗೆ ಬೇರೆ ಬೇರೆ. ಯೂಕಾನ್ವ್ ಎಂಬ ಉಪಕರಣ ಬಳಸಿ ಎಲ್ಲವನ್ನೂ ಎನ್‌ಎಫ್‌ಸಿ, ಎಂದರೆ ಜೋಡಿಸಿದ ಒಂದೇ ಸಂಕೇತದ ರೂಪಕ್ಕೆ ತಂದುಬಿಡಿ. ಇನ್ನೊಂದು, ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಹಾಗಾಗಿ ಕಡತದ ಗಾತ್ರ ನೋಡಿ ಟೋಕನ್ ಊಹಿಸಬೇಡಿ, ನೀವು ಬಳಸುವ ಮಾದರಿಯ ಟೋಕನೈಸರ್‌ನಲ್ಲೇ ಎಣಿಸಿ.

ಇನ್ನೊಬ್ಬ ಸದಸ್ಯರು: ಪುಟದಲ್ಲಿ ಕಣ್ಣಿಗೆ ಕಾಣದ ಬರಹವೂ ಬರುತ್ತದೆ ಎಂದು ಕೇಳಿದೆ. ನಿಜವೇ?

ಉತ್ತರ: ನಿಜ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯವೂ ಇದೇ. ಬ್ರೌಸರಿನಲ್ಲಿ ಬರಹವನ್ನು ಮರೆಮಾಡುವುದು ಸಿಎಸ್‌ಎಸ್, ಎಂದರೆ ಪುಟದ ರೂಪವನ್ನು ಹೇಳುವ ಶೈಲಿ ನಿಯಮಗಳು. ಲಿಂಕ್ಸ್ ಆಗಲಿ ಪ್ಯಾನ್‌ಡಾಕ್ ಆಗಲಿ ಆ ಶೈಲಿಯನ್ನು ಅನ್ವಯಿಸುವುದಿಲ್ಲ. ಬಿಳಿಯ ಮೇಲೆ ಬಿಳಿಯಾಗಿ ಬರೆದ ‘ಹಿಂದಿನ ಸೂಚನೆಗಳನ್ನೆಲ್ಲ ಬಿಟ್ಟು ಹೀಗೆ ಮಾಡು’ ಎಂಬ ಸಾಲೂ ನಿಮ್ಮ ಪಠ್ಯದೊಳಗೆ ಬಂದು ಕೂರುತ್ತದೆ, ಮಾದರಿ ಅದನ್ನು ನಿಮ್ಮ ಮಾತೆಂದೇ ಪಾಲಿಸಬಹುದು. ತಂದ ಪಠ್ಯದ ಮೊದಲೂ ಕೊನೆಯೂ ಸ್ಪಷ್ಟ ಗುರುತು ಹಾಕಿ, ಇದು ಓದಬೇಕಾದ ವಸ್ತು ಮಾತ್ರ ಎಂದು ತಿಳಿಸಿ. ಆದರೆ ಗುರುತನ್ನೇ ನಂಬಿ ಕೂರಬೇಡಿ. ಹೊರಗಿನ ಪುಟ ಓದುವ ಮಾದರಿಯ ಕೈಗೆ ಕಡತ ಅಳಿಸುವ, ಮೇಲ್ ಕಳಿಸುವ ಅಧಿಕಾರ ಕೊಡಲೇಬೇಡಿ.

ಮೊದಲ ಸದಸ್ಯರು: ತುಂಬಾ ಉಪಕಾರವಾಯಿತು ಸರ್. ಇಂದು ರಾತ್ರಿ ಎಲ್ಲ ಪುಟಗಳನ್ನೂ ಒಟ್ಟಿಗೆ ಓಡಿಸುತ್ತೇನೆ.

ಉತ್ತರ: ಓಡಿಸಿ. ಒಂದೊಂದು ಪುಟದ ನಡುವೆ ಒಂದೆರಡು ಸೆಕೆಂಡ್ ಬಿಡುವಿರಲಿ. ತಂತ್ರಾಂಶಗಳು ಯಾವ ಪುಟ ತರಬಹುದೆಂದು ತಾಣ ತಿಳಿಸುವ ರೋಬಾಟ್ಸ್ ಕಡತವನ್ನು ನೀವೇ ಓದಿ ನೋಡಿ, ಕರ್ಲ್ ಅದನ್ನು ತಾನಾಗಿ ಗಮನಿಸುವುದಿಲ್ಲ. ಒಂದೊಂದು ಕಡತದ ತಲೆಯಲ್ಲೂ ಮೂಲ ವಿಳಾಸ ಮತ್ತು ತಂದ ದಿನಾಂಕ ಬರೆಸಿ. ಮುಗಿದ ಮೇಲೆ ಕಡತಗಳನ್ನು ಗಾತ್ರದ ಪ್ರಕಾರ ಜೋಡಿಸಿ, ತೀರಾ ಚಿಕ್ಕವನ್ನು ತೆರೆದು ಓದಿ. ಕೆಟ್ಟಿದ್ದರೆ ಬಹುತೇಕ ಅವೇ ಕೆಟ್ಟಿರುತ್ತವೆ.