ಹೆಚ್ಚುವರಿ ವಿದ್ಯುತ್: ಮಿಕ್ಕಿದ್ದೋ, ಇನ್ನೂ ಬೇಕಾದದ್ದೋ?

ಎಲ್ಲರಿಗೂ ನಮಸ್ಕಾರ.

ನಾನು ಧಾರವಾಡದಲ್ಲಿ ವೈರ್‌ಮನ್ ಕೆಲಸ ಕಲಿಯುವ ಹುಡುಗರಿಗೆ ಪಾಠ ಹೇಳುವವನು. 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂದು, 3 ಕಿಲೋವ್ಯಾಟಿನ ಸೋಲಾರಿಗೆ 78,000 ರೂಪಾಯಿ ಸಹಾಯಧನ ಸಿಗತೊಡಗಿದ ಮೇಲೆ ಮಾಳಿಗೆ ಹತ್ತಿ ಪ್ಯಾನೆಲ್ ಕೂರಿಸುವವರಿಗೆ ಕೈತುಂಬ ಕೆಲಸ. ಅವರಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಹಗಲು ಮನೆಯ ಖರ್ಚು ಮೀರಿ ಹುಟ್ಟುವ ಕರೆಂಟನ್ನು ಹೊರಗಿನ ತಂತಿಗೆ ಬಿಡದೆ ಸ್ನಾನದ ನೀರಿಗೆ ಬಳಸುವ ಪಾಠಕ್ಕೆ ‘ಹೆಚ್ಚುವರಿ ವಿದ್ಯುತ್ತಿನಿಂದ ನೀರು ಕಾಯಿಸುವುದು’ ಎಂದು ತಲೆಬರಹ ಕೊಟ್ಟಿದ್ದೆ. ನಿಘಂಟು ನೋಡಿಯೇ ಕೊಟ್ಟದ್ದು.

ಆ ಹಾಳೆಯನ್ನು ನಮ್ಮ ಹುಡುಗನೊಬ್ಬ ಬೆಟಗೇರಿಯ ಒಂದು ಮನೆಗೆ ಒಯ್ದಿದ್ದ. ಮನೆಯ ಹಿರಿಯ ಹೆಣ್ಣುಮಗಳು ಕನ್ನಡಕ ಏರಿಸಿಕೊಂಡು ತಲೆಬರಹ ಓದಿದರು. ಹಾಳೆ ಹಾಗೇ ಅವನ ಕೈಗೆ ವಾಪಸ್ ಇಟ್ಟು, “ಏನ್ ತಮ್ಮಾ, ಸೋಲಾರ್ ಹಾಕ್ಸಿದ ಮ್ಯಾಲೂ ಹೆಚ್ಚುವರಿ ಕರೆಂಟ್ ಬೇಕಂತ ಬರದೀರಿ. ಬಿಲ್ ಕಟ್ಟಾವ್ರು ಯಾರು?” ಎಂದರಂತೆ. “ಹಂಗಲ್ರೀ ಅಮ್ಮಾರ, ಉಳದಿದ್ದು ಅಂತ ಅರ್ಥರೀ” ಎಂದು ಇವನು ಎಷ್ಟು ತಿಳಿಸಿದರೂ ಅವರ ಅನುಮಾನ ಹೋಗಲಿಲ್ಲ.

ಅವರು ಓದಿದ್ದರಲ್ಲಿ ತಪ್ಪಿಲ್ಲ. ಜಾತ್ರೆಗೆ ಹೆಚ್ಚುವರಿ ಬಸ್ ಬಿಟ್ಟರು ಎಂದರೆ ಇದ್ದ ಬಸ್ಸು ಸಾಲಲಿಲ್ಲ ಎಂದರ್ಥ. ಹೆಚ್ಚುವರಿ ಶುಲ್ಕ, ಹೆಚ್ಚುವರಿ ಪೊಲೀಸರು, ಹೆಚ್ಚುವರಿ ಜಿಲ್ಲಾಧಿಕಾರಿ, ಎಲ್ಲ ಕಡೆಯೂ ಇದ್ದುದರ ಮೇಲೆ ಇನ್ನಷ್ಟು ಸೇರಿಸಿದ್ದು ಎಂಬ ಭಾವವೇ. ನನಗೆ ಬೇಕಿದ್ದದ್ದು ಇದರ ತಿರುವುಮುರುವು: ಬೇಕಾದಷ್ಟು ಬಳಸಿ ಆದ ಮೇಲೆ ನಿಂತದ್ದು. ಒಂದೇ ಪದ ಕೊರತೆಯನ್ನೂ ಮಿಗಿಲನ್ನೂ ಹೇಳುತ್ತಿದ್ದರೆ, ಬಿಲ್ಲಿನ ಚಿಂತೆ ಇರುವವರು ಕೊರತೆಯ ಅರ್ಥವನ್ನೇ ಹಿಡಿಯುತ್ತಾರೆ.

ಬೇರೆ ಪದ ಹುಡುಕಿದೆ. ‘ಉಳಿತಾಯ’ದಲ್ಲಿ ಕೈಬಿಗಿ ಹಿಡಿದು ಕೂಡಿಟ್ಟ ಭಾವವಿದೆ, ಇಲ್ಲಿ ಯಾರೂ ಏನನ್ನೂ ಉಳಿಸಿಲ್ಲ, ಬಿಸಿಲು ಜೋರಾಗಿ ಬಿತ್ತು ಅಷ್ಟೇ. ‘ಮಿಗತೆ’ ಬಜೆಟ್ ಸುದ್ದಿ ಬಿಟ್ಟು ಹೊರಗೆ ಬಂದದ್ದನ್ನು ನಾನು ಕೇಳಿಲ್ಲ. ‘ಮಿಕ್ಕ ಕರೆಂಟ್’ ಚೆನ್ನಾಗಿದೆ, ಆದರೆ ಮಿಕ್ಕ ಅನ್ನದ ಹಾಗೆ ನಾಳೆಗೆ ಇಡಬಹುದು ಅನ್ನಿಸುತ್ತದೆ. ಬ್ಯಾಟರಿ ಇಲ್ಲದ ಮನೆಯಲ್ಲಿ ಅದು ಒಂದು ಗಳಿಗೆಯೂ ನಿಲ್ಲದು.

ಹುಡುಕುವಾಗ ಇನ್ನೊಂದು ಕಣ್ಣಿಗೆ ಬಿತ್ತು. ನಾವು ಒಂದೇ ಹೆಸರಲ್ಲಿ ಕರೆಯುತ್ತಿರುವ ಮಿಗಿಲು ನಿಜಕ್ಕೂ ಎರಡು. ನೆಟ್ ಮೀಟರು ಮನೆಯೊಳಕ್ಕೆ ಬಂದ ಯೂನಿಟ್ಟು, ಹೊರಕ್ಕೆ ಹೋದ ಯೂನಿಟ್ಟು ಎರಡನ್ನೂ ಬೇರೆ ಬೇರೆ ಬರೆದಿಡುತ್ತದೆ. ಬಿಲ್ಲಿನಲ್ಲಿ ಒಂದರಲ್ಲಿ ಒಂದು ಕಳೆದು ಉಳಿದದ್ದು ಲೆಕ್ಕದ ಮಿಗಿಲು. ಇದಕ್ಕೆ ನಮ್ಮ ಅಂಗಡಿ ಖಾತೆಗಳಲ್ಲಿ, ಪಂಚಾಯ್ತಿ ಜಮಾ-ಖರ್ಚಿನಲ್ಲಿ ಗಟ್ಟಿ ಪದ ಇದ್ದೇ ಇದೆ: ಶಿಲ್ಕು. ಆರಂಭ ಶಿಲ್ಕು, ಆಖೈರು ಶಿಲ್ಕು. ಮರಾಠಿಯ ಶಿಲ್ಲಕ್‌ಗೂ ಇದಕ್ಕೂ ನಂಟು. ‘ಈ ತಿಂಗಳು ಕರೆಂಟು 40 ಯೂನಿಟ್ ಶಿಲ್ಕು’ ಎಂದರೆ ಹುಬ್ಬಳ್ಳಿಯ ದುರ್ಗದಬೈಲಿನ ವ್ಯಾಪಾರಿಗೆ ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಈ ಕ್ಷಣದ ಮಿಗಿಲು. ಮಧ್ಯಾಹ್ನ 12 ಗಂಟೆಗೆ ಪ್ಯಾನೆಲ್ಲು 2,000 ವ್ಯಾಟ್ ಕೊಡುತ್ತಿದೆ, ಫ್ರಿಜ್ಜು ಫ್ಯಾನು ಮಿಕ್ಸರ್ ಸೇರಿ 1,200 ವ್ಯಾಟ್ ಎಳೆಯುತ್ತಿವೆ ಎನ್ನಿ. ಉಳಿದ 800 ಆ ಹೊತ್ತಿಗೇ ಹೊರಗಿನ ತಂತಿ ಸೇರುತ್ತದೆ. ಮೋಡ ಅಡ್ಡ ಬಂದರೆ ಸೊನ್ನೆ, ಸರಿದರೆ ಮತ್ತೆ 800. ನೀರು ಕಾಯಿಸಲು ಹಿಡಿಯಬೇಕಾದ್ದು ಇದನ್ನು. ಆದರೆ ಗೀಸರಿನ ಕಾಯಿಲ್ 2,000 ವ್ಯಾಟಿನದು. ಸ್ವಿಚ್ ಒತ್ತಿದರೆ ಪೂರಾ ಎಳೆಯುತ್ತದೆ, ಕಡಿಮೆ ಬಿದ್ದ 1,200 ಹೊರಗಿನಿಂದ ಬಂದು ಮೀಟರು ಓಡುತ್ತದೆ. ಅದಕ್ಕೆಂದೇ ಒಂದು ಸಣ್ಣ ಪೆಟ್ಟಿಗೆ ಉಂಟು. ಅದರ ಒಂದು ಬಳೆ ಮೀಟರಿನ ಹತ್ತಿರದ ವೈರನ್ನು ಸುತ್ತಿ ಕೂತು, ಕರೆಂಟು ಒಳಕ್ಕೋ ಹೊರಕ್ಕೋ, ಎಷ್ಟು ಎಂದು ನೋಡುತ್ತಲೇ ಇರುತ್ತದೆ. ಹೊರಹೋಗುವಷ್ಟನ್ನು ಮಾತ್ರ ಅಳೆದು ಕಾಯಿಲ್‌ಗೆ ಬಿಡುತ್ತದೆ, 800 ಇದ್ದರೆ 800.

ಇದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತಿದ್ದಾಗ ಹಿರೇಕೆರೂರು ಕಡೆಯ ಹುಡುಗ ಎದ್ದು ನಿಂತು, “ಸರ, ಇದು ಕೆರಿ ಕೋಡಿ ಬಿದ್ದಂಗ ಆತಲ್ರೀ” ಎಂದ. ಮದಗ-ಮಾಸೂರು ಕೆರೆಯ ನೀರು ಮಳೆಗಾಲದಲ್ಲಿ ಕೋಡಿ ಹರಿಯುವುದನ್ನು ನೋಡಿ ಬೆಳೆದವನು. ನನಗೆ ಆ ಮಾತು ಎದೆಗೆ ತಾಕಿತು. ಕೆರೆ ತುಂಬದೆ ಕೋಡಿ ಇಲ್ಲ. ಹಾಗೆಯೇ ಮನೆಯ ಬಳಕೆ ತುಂಬದೆ ಈ ಕರೆಂಟಿಲ್ಲ. ಕೋಡಿಯ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ, ಈ ಕರೆಂಟು ನೀರಿನ ಟ್ಯಾಂಕಿಗೆ. ‘ಕೋಡಿ ಕರೆಂಟ್’ ಎಂದೊಡನೆ ಇದಕ್ಕೆ ಬೇರೆ ಬಿಲ್ ಇಲ್ಲ ಎಂಬುದು ತಾನಾಗೇ ತಿಳಿಯುತ್ತದೆ. ಬೆಟಗೇರಿಯ ಆ ಮನೆಗೆ ನಾನೇ ಹೋಗಿ ಈ ಪದ ಹಾಕಿ ಹೇಳಿದೆ. “ಹಂಗಾರ ಹರದು ಹೋಗೂದನ್ನ ಹಂಡೇಕ ಬಿಡತೀರಿ” ಎಂದರು ಅವರು. ನನ್ನ ಎರಡು ಪುಟದ ವಿವರಣೆ ಅವರ ಒಂದು ಮಾತಿನಲ್ಲಿ ಬಂದಿತ್ತು.

ಆ ಪೆಟ್ಟಿಗೆಗೆ ‘ತಿರುವು ಪೆಟ್ಟಿಗೆ’ ಅನ್ನೋಣ ಅನ್ನಿಸಿದೆ. ಹೊಲದಲ್ಲಿ ಒಂದು ಮಡಿ ತುಂಬಿದ ಮೇಲೆ ಸಲಿಕೆಯಿಂದ ಮಣ್ಣು ಸರಿಸಿ ಮುಂದಿನ ಮಡಿಗೆ ನೀರು ತಿರುವುತ್ತಾರಲ್ಲ, ಅದೇ ಕೆಲಸ. ಇದರಲ್ಲಿ ನನಗೆ ಹೆಚ್ಚು ಅನುಮಾನವಿಲ್ಲ.

ಕೋಡಿಗೆ ಎರಡು ಅಡ್ಡಿ ಕಾಣುತ್ತಿವೆ. ಪತ್ರಿಕೆಗಳು ‘ರಕ್ತದ ಕೋಡಿ’, ‘ಕಣ್ಣೀರ ಕೋಡಿ’ ಎಂದು ಬರೆದು ಬರೆದು, ಕೆರೆಯಿಲ್ಲದ ಊರಿನ ಹುಡುಗರು ಪದವನ್ನು ಅಲ್ಲಿಂದಲೇ ಕಲಿಯುತ್ತಿದ್ದಾರೆ. ಇನ್ನು ಕುಂದಾಪುರದವರಿಗೆ ಕೋಡಿ ಎಂದರೆ ನದಿ ಕಡಲು ಸೇರುವ ಕಡೆಯ ನೆಲದ ತುದಿ. ಕರಾವಳಿಯವರು ‘ಕೋಡಿ ಕರೆಂಟ್’ ಓದಿದರೆ ಏನು ತಿಳಿದಾರು?

ಪಾಠದಲ್ಲಿ ಬಿಡಬಾರದ ಒಂದು ಮಾತು. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 4 ಯೂನಿಟ್ ಬೇಕು. ಆ 4 ಯೂನಿಟ್ಟನ್ನು ಹೊರಗೆ ಬಿಟ್ಟಿದ್ದರೆ ಏನು ಸಿಗುತ್ತಿತ್ತು ಎಂಬುದರ ಮೇಲೆ ಲಾಭ ನಿಂತಿದೆ. ಹೊರಬಿಟ್ಟ ಯೂನಿಟ್ಟು ಬಿಲ್ಲಿನಲ್ಲಿ ಒಂದಕ್ಕೊಂದು ವಜಾ ಆಗುವ ಕಡೆ ತಿರುವಿ ಗಳಿಸುವುದು ಕಡಿಮೆ. ಬ್ರಿಟನ್ನಿನಲ್ಲಿ ಇಂಥ ಪೆಟ್ಟಿಗೆ ಮನೆಮನೆ ಸೇರಲು ಕಾರಣ ಬೇರೆ: 2010ರಲ್ಲಿ ಅಲ್ಲಿ ಶುರುವಾದ ಯೋಜನೆಯಲ್ಲಿ, ಹೊರಹೋದದ್ದನ್ನು ಅಳೆಯುವ ಮೀಟರ್ ಇಲ್ಲದ ಮನೆಗಳಿಗೆ ಹುಟ್ಟಿದ್ದರಲ್ಲಿ ಅರ್ಧ ಹೊರಹೋಯಿತು ಎಂದೇ ಹಿಡಿದು ದುಡ್ಡು ಕೊಡುತ್ತಿದ್ದರು. ಪೂರಾ ಮನೆಯಲ್ಲೇ ಬಳಸಿದರೂ ಬರುವ ದುಡ್ಡು ಕಡಿಮೆಯಾಗುತ್ತಿರಲಿಲ್ಲ. ಶಿಲ್ಕು, ಕೋಡಿ ಎರಡು ಪದ ಬೇರೆ ಇದ್ದರೆ ಈ ಲೆಕ್ಕ ಹುಡುಗರಿಗೆ ಸಲೀಸಾಗಿ ಹೇಳಬಹುದು. ಒಂದೇ ‘ಹೆಚ್ಚುವರಿ’ಯಲ್ಲಿ ಗಂಟು ಬೀಳುತ್ತದೆ.

ನೀರು ಕಾಯಿಸುವುದಕ್ಕೂ ಕರೆಂಟು ಹುಟ್ಟಿಸುವುದಕ್ಕೂ ‘ಸೋಲಾರ್’ ಎಂದೇ ಹೆಸರಿರುವ ಗೊಂದಲವನ್ನು ಜನರೇ ಬಗೆಹರಿಸಿಕೊಂಡಿದ್ದಾರೆ: ಕೊಳವೆಯದು ನೀರಿನ ಸೋಲಾರ್, ಪ್ಯಾನೆಲ್ಲಿನದು ಕರೆಂಟಿನ ಸೋಲಾರ್. ಅದನ್ನು ಹಾಗೇ ಇಟ್ಟುಕೊಂಡಿದ್ದೇನೆ.

ಉಳಿದದ್ದು, ಕೋಡಿ ಕರೆಂಟಿನಿಂದ ಮನೆಯ ನೆಲವನ್ನೇ ಕಾಯಿಸುವುದಕ್ಕೆ ಬೇಕಾದ ಪದ. ಯುರೋಪಿನ ಮನೆಗಳಲ್ಲಿ ನೆಲದ ಕೆಳಗೆ ಕೊಳವೆ ಹಾಯಿಸಿ 35-40 ಡಿಗ್ರಿಯ ನೀರು ಓಡಿಸುತ್ತಾರೆ, ಇಲ್ಲವೇ ಕಾಯುವ ವೈರನ್ನೇ ಹಾಸುತ್ತಾರೆ. ಹಗಲು ಹೀರಿದ ಕಾವನ್ನು ಕಾಂಕ್ರೀಟು ರಾತ್ರಿ ನಿಧಾನವಾಗಿ ಬಿಡುತ್ತದೆ. ಅಲ್ಲಿ ಕೊರೆವ ಚಳಿಯಲ್ಲಿ ಬಿಸಿಲೇ ಕಮ್ಮಿ. ಹಾಗಾಗಿ ಕೋಡಿ ಕರೆಂಟು ನೆಲಕ್ಕೆ ಒದಗುವುದು ಹೆಚ್ಚಾಗಿ ಚಳಿಗಾಲದ ಮುಂಚೆ, ಆಮೇಲೆ. ಧಾರವಾಡಕ್ಕೆ ಇದು ಬೇಕಿಲ್ಲ. ಆದರೆ ನಮ್ಮ ಹುಡುಗರು ಹೊರದೇಶಕ್ಕೂ ಕೆಲಸಕ್ಕೆ ಹೋಗುತ್ತಾರೆ, ಅವರ ತಲೆಯಲ್ಲಿ ಕನ್ನಡದ ಪದ ಇರಲಿ ಎಂಬಾಸೆ.

‘ನೆಲ ಕಾಯಿಸುವುದು’ ಎಂದರೆ ಸರಿ, ‘ನೆಲ ಕಾಯುವ ವೈರು’ ಎಂದೊಡನೆ ಹೊಲಕ್ಕೆ ಕಾವಲು ಹಾಕಿದಂತೆ ಕೇಳುತ್ತದೆ. ‘ಬಿಸಿನೆಲ’ ಬಿಸಿನೀರಿನ ಜೋಡಿ ಎನ್ನುವಂತಿದೆ, ಆದರೆ ಬಿಸಿ ಅಂದರೆ ಕಾಲು ಸುಡುವ ಮಾತು. ಯುರೋಪಿನ ಮಾನಕದಲ್ಲಿ ಜನ ಓಡಾಡುವ ಕೋಣೆಯ ನೆಲ 29 ಡಿಗ್ರಿ ದಾಟಬಾರದು. ನಮ್ಮ ಮೈಗಿಂತ ಕಡಿಮೆ, ಆದರೂ ಡಿಸೆಂಬರ್ ಬೆಳಗ್ಗೆ ಶಹಾಬಾದ್ ಫರಸಿಯ ಮೇಲೆ ಬರಿಗಾಲಿಟ್ಟು ತಟ್ಟನೆ ಎತ್ತಿಕೊಂಡವರಿಗೆ ಅದು ಹಿತ. ಆ ಹಿತಕ್ಕೆ ನಮ್ಮಲ್ಲಿ ಹೇಳುವುದು ಬೆಚ್ಚಗ ಎಂದು. ಬಚ್ಚಲ ಒಲೆಯ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ ನಮ್ಮ ಅಜ್ಜಿಯ ಮಾತೂ ಅದೇ. ಹಾಗಾಗಿ ‘ಬೆಚ್ಚನೆಲ’ ಎಂದು ಬರೆದಿಟ್ಟಿದ್ದೇನೆ. ಕೊರಿಯಾದವರು ಒಲೆಯ ಹೊಗೆಯನ್ನು ಕಲ್ಲುನೆಲದಡಿ ಹಾಯಿಸಿ ಮನೆ ಬೆಚ್ಚಗಿಡುವುದು ಬಹು ಹಳೆಯ ರೂಢಿ.

ಕೇಳಬೇಕಾದ್ದು ಇಷ್ಟು. ‘ಬೆಚ್ಚನೆಲ’ ಸಮಾಸ ಕಿವಿಗೆ ಒಪ್ಪುತ್ತದೆಯೇ, ‘ಬೆಚ್ಚನೆಯ ನೆಲ’ ಎಂದು ಬಿಡಿಸಿಯೇ ಬರೆಯಬೇಕೇ? ಮೈಸೂರು, ತುಮಕೂರು ಕಡೆ ಶಿಲ್ಕು ಇನ್ನೂ ಬಾಯಲ್ಲಿದೆಯೇ, ಕಾಗದದಲ್ಲಿ ಮಾತ್ರವೇ? ಕೆರೆ ಕಡಿಮೆ ಇರುವ ರೋಣ, ನರಗುಂದ ಕಡೆಯವರು ತುಂಬಿ ಹೊರಹರಿಯುವುದಕ್ಕೆ ಏನನ್ನುತ್ತೀರಿ? ಹಾಳೆ ಅಚ್ಚಿಗೆ ಹೋಗಲು ಇನ್ನೂ ಹದಿನೈದು ದಿನವಿದೆ. ಅಲ್ಲಿಯವರೆಗೆ ತಲೆಬರಹದ ಜಾಗ ಖಾಲಿ ಬಿಟ್ಟಿದ್ದೇನೆ.